ಹಿಂತಿರುಗುವ ದಿನ

"ಮಾಮೂ, ನಾನು ದೋಣಿ ಹತ್ತಿ ಕಾಡಿಗೆ ಹೋಗ್ತಾ ಇದೀನಿ. ಅಮ್ಮಿಗೆ ಮಾತ್ರ ಹೇಳ್ಬೇಡಿ."

ಕಳೆದ ಸೆಪ್ಟೆಂಬರಿನ ಒಂದು ಬೆಳಿಗ್ಗೆ ಅಮೆರಿಕದ ಮಿನ್ನೆಸೋಟದಿಂದ ಫೋನ್ ಮಾಡಿದ ನನ್ನ ಸೋದರಳಿಯ ಆಡಿದ ಮೊದಲ ಮಾತು ಇದು. ನಮಗೆ ಆಗ ಏಳೂವರೆ, ಅವನಿಗೆ ಹಿಂದಿನ ರಾತ್ರಿಯ ಒಂಬತ್ತು. ತಿಪಟೂರಿನ ಬಳಿಯ ನಮ್ಮ ತೋಟದ ಮನೆಯಲ್ಲಿ ನಾನು ಅಟ್ಟದಿಂದ ಇಳಿಸಿದ ಕಾಯಿಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾ ಕುಳಿತಿದ್ದೆ. ಒಳಗಿನ ಗಿಟುಕು ಚಿಪ್ಪು ಬಿಟ್ಟು ಲೊಡಲೊಡ ಅಂದರೆ ಕೊಬ್ಬರಿಯಾಗಿದೆ ಎಂದು ಲೆಕ್ಕ. ಅದಕ್ಕೆ ಹತ್ತು ಹನ್ನೊಂದು ತಿಂಗಳು ಕಾಯಬೇಕು. ಅವಸರ ನಮ್ಮ ಕಸುಬಿನಲ್ಲೇ ಇಲ್ಲ.

"ಯಾರ ಜೊತೆ?" ಎಂದೆ.

"ಒಬ್ಬನೇ. ಅಕ್ಟೋಬರ್ ಕೊನೇ ವಾರ, ನಾಲ್ಕು ದಿನ."

ನನ್ನ ಕೈಯಲ್ಲಿದ್ದ ಕಾಯಿ ಕೆಳಗೆ ಬಿತ್ತು.

ಅವನು ಹೋಗಬೇಕೆಂದಿದ್ದ ಜಾಗದ ಹೆಸರು ಬೌಂಡರಿ ವಾಟರ್ಸ್. ಮಿನ್ನೆಸೋಟದ ಉತ್ತರದ ತುದಿಯಲ್ಲಿ ಕೆನಡಾದ ಗಡಿಗೆ ತಾಗಿಕೊಂಡಿರುವ, ಹತ್ತು ಲಕ್ಷ ಎಕರೆಗೂ ದೊಡ್ಡದಾದ ಕಾಡು. ಅದರೊಳಗೆ ಸಾವಿರಕ್ಕಿಂತ ಹೆಚ್ಚು ಕೆರೆಗಳಿವೆ. ಒಂದು ಕೆರೆಯಿಂದ ಇನ್ನೊಂದಕ್ಕೆ ಹೋಗಲು ದೋಣಿಯನ್ನು ತಲೆಯ ಮೇಲೆ ಕವುಚಿಕೊಂಡು ಕಾಲುದಾರಿಯಲ್ಲಿ ನಡೆಯಬೇಕು. ನಮ್ಮ ಮೀನುಗಾರರು ಹರಿಗೋಲನ್ನು ತಲೆಯ ಮೇಲೆ ಹೊತ್ತು ಕೆರೆಯ ಏರಿ ಹತ್ತುತ್ತಾರಲ್ಲ, ಹಾಗೆ. ಅಲ್ಲಿನ ಮೂಲ ನಿವಾಸಿಗಳಾದ ಒಜಿಬ್ವೆ ಜನ ಬರ್ಚ್ ಮರದ ತೊಗಟೆಯಿಂದ ಮಾಡಿದ ದೋಣಿಗಳಲ್ಲಿ ಓಡಾಡುತ್ತಿದ್ದ ನೀರು ಅದು. 1964ರ ಕಾಯಿದೆ ಆ ಕಾಡಿಗೆ ರಕ್ಷಣೆ ಕೊಟ್ಟಿತು. 1978ರಲ್ಲಿ ಅದಕ್ಕೆಂದೇ ಇನ್ನೊಂದು ಕಾಯಿದೆ ಬಂತು. ಕೆಲವು ಕೆರೆಗಳನ್ನು ಬಿಟ್ಟರೆ ಅಲ್ಲಿ ಮೋಟಾರು ದೋಣಿ ನಡೆಸುವಂತಿಲ್ಲ. ಒಂದು ತಂಡದಲ್ಲಿ ಒಂಬತ್ತಕ್ಕಿಂತ ಹೆಚ್ಚು ಜನ ಇರುವಂತಿಲ್ಲ. ಡಬ್ಬಿ ಬಾಟಲಿಗಳಲ್ಲಿ ತಿನಿಸು ಒಯ್ಯುವಂತಿಲ್ಲ. ಮೇ 1ರಿಂದ ಸೆಪ್ಟೆಂಬರ್ 30ರವರೆಗೆ ರಾತ್ರಿ ತಂಗುವವರು ಮೊದಲೇ ಪರವಾನಗಿ ಕಾದಿರಿಸಬೇಕು. ಆಮೇಲೆ ತಾವೇ ಚೀಟಿ ತುಂಬಿ ಹೋಗಬಹುದು. ಚಳಿಗೆ ಹೆದರಿ ಜನ ಬರುವುದಿಲ್ಲ, ಸೊಳ್ಳೆಯೂ ಇರುವುದಿಲ್ಲ. ಅಳಿಯನಿಗೆ ಬೇಕಾಗಿದ್ದದ್ದು ಆ ನಿರ್ಜನವೇ.

ಬೇಡ ಎಂದು ಒಂದೇ ಮಾತಿನಲ್ಲಿ ಹೇಳಿಬಿಡಬಹುದಿತ್ತು. ನಾಲಿಗೆ ಏಳಲಿಲ್ಲ. 2021ರಲ್ಲಿ ಅವನ ತಂದೆ ತೀರಿಕೊಂಡಾಗ ಅವನಿಗೆ ಮಣ್ಣು ಕೊಡಲು ಬರಲಾಗಲಿಲ್ಲ. ವಿಮಾನಗಳಿರಲಿಲ್ಲ, ಇದ್ದರೂ ಹಿಂದಕ್ಕೆ ಹೋಗುವ ಭರವಸೆಯಿರಲಿಲ್ಲ. ಜನಾಝಾವನ್ನು ಮೊಬೈಲಿನಲ್ಲಿ ನೋಡಿದ. ಅಂದಿನಿಂದ ಅವನು ಅತ್ತದ್ದನ್ನು ಯಾರೂ ಕಂಡಿಲ್ಲ. "ಮಾಮೂ, ಎಲ್ಲಾದರೂ ಒಂದು ಕಡೆ ಸುಮ್ಮನೆ ಕೂರಬೇಕು" ಎಂದ. ಆ ಮಾತಿಗೆ ಬೇಡ ಎನ್ನಲು ನಾನ್ಯಾರು? ಆದರೆ ಅಮ್ಮಿಗೆ ಹೇಳಬೇಡಿ ಎಂಬ ಮಾತು ಮಾತ್ರ ನನ್ನನ್ನು ನಲವತ್ತು ವರ್ಷ ಹಿಂದಕ್ಕೆ ಎಳೆದುಕೊಂಡು ಹೋಯಿತು.

ನನಗೆ ಆಗ ಹದಿನಾಲ್ಕು. ತುರುವೇಕೆರೆ ತಾಲೂಕಿನಲ್ಲಿದ್ದ ನನ್ನ ಅಜ್ಜಿಯ ಊರಿನ ಕೆರೆ ಆ ಕಾರ್ತಿಕದಲ್ಲಿ ಕೋಡಿ ಬಿದ್ದಿತ್ತು. ನಾನು, ನನ್ನ ಚಾಚಾನ ಮಗ, ಪಕ್ಕದ ತೋಟದ ಗೌಡರ ಮಗ ಮೂವರೂ ಸೇರಿ ಬಾಳೆದಿಂಡುಗಳನ್ನು ತೆಂಗಿನ ನಾರಿನ ಹಗ್ಗದಲ್ಲಿ ಬಿಗಿದು ತೆಪ್ಪ ಕಟ್ಟಿದೆವು. ಆಚೆ ದಡದ ಹೊಂಗೆ ತೋಪಿನಲ್ಲಿ ಅನ್ನ ಬೇಯಿಸಿ ಉಂಡು ಬರುವ ಯೋಜನೆ. ಅಕ್ಕಿ, ಬೆಲ್ಲ, ಬೆಂಕಿಪೆಟ್ಟಿಗೆ ಎಲ್ಲವನ್ನೂ ನೆನಪಿಟ್ಟು ತೆಗೆದುಕೊಂಡೆವು. ಗೌಡರ ಮಗನಿಗೆ ಈಜು ಅಷ್ಟಕ್ಕಷ್ಟೇ. ನಮ್ಮ ಕಡೆ ಬಾವಿಯಲ್ಲಿ ಈಜು ಕಲಿಸುವಾಗ ಮಾಡುವಂತೆ ಎರಡು ಒಣ ತೆಂಗಿನಕಾಯಿಗಳನ್ನು ಜೋಡಿಸಿ ಅವನ ಸೊಂಟಕ್ಕೆ ಕಟ್ಟಿದೆವು. ಮನೆಯಲ್ಲಿ ಮಾತ್ರ, ತಿಪಟೂರಿಗೆ ಕಬಡ್ಡಿ ಪಂದ್ಯ ನೋಡಲು ಹೋಗುತ್ತೇವೆ ಎಂದಿದ್ದೆವು.

ಊಟವೆಲ್ಲ ಚೆನ್ನಾಗೇ ಆಯಿತು. ವಾಪಸು ಬರುವಾಗ, ಹೊತ್ತು ಮುಳುಗುವ ಸಮಯದಲ್ಲಿ, ಕೆರೆಯ ನಡುವೆ ಹಗ್ಗ ಸಡಿಲಗೊಂಡು ದಿಂಡುಗಳು ಒಂದೊಂದು ದಿಕ್ಕಿಗೆ ಹೋದವು. ಕೆರೆ ಬತ್ತಿದ್ದಾಗ ಅಂಗಳದಲ್ಲಿ ಬೆಳೆದಿದ್ದ ಜಾಲಿ ಮರವೊಂದು ಅರ್ಧ ಮುಳುಗಿ ನಿಂತಿತ್ತು. ಮೂವರೂ ಅದನ್ನು ಹಿಡಿದುಕೊಂಡೆವು. ಗೌಡರ ಮಗನನ್ನು ಅಲ್ಲಿಯವರೆಗೆ ತೇಲಿಸಿದ್ದು ಆ ಎರಡು ಕಾಯಿಗಳೇ. ಮುಳ್ಳು ಚುಚ್ಚಿದ ನೋವು ಮೊದಮೊದಲು ಗೊತ್ತಾಗುತ್ತಿತ್ತು, ಆಮೇಲೆ ಬೆರಳು ಮರಗಟ್ಟಿ ಅದೂ ಗೊತ್ತಾಗಲಿಲ್ಲ. ಕೂಗಿ ಕೂಗಿ ಗಂಟಲು ಒಣಗಿತು. ಊರಿನವರು ನಮ್ಮನ್ನು ಹುಡುಕುತ್ತಿದ್ದದ್ದು ನಿಜ. ಆದರೆ ತಿಪಟೂರಿನ ಬಸ್ ನಿಲ್ದಾಣದಲ್ಲಿ, ರೈಲ್ವೆ ಸ್ಟೇಷನ್ನಿನಲ್ಲಿ. ರಾತ್ರಿ ಬಲೆ ಬಿಡಲು ಹರಿಗೋಲಿನಲ್ಲಿ ಬಂದ ಮೀನುಗಾರರ ಕಿವಿಗೆ ನಮ್ಮ ದನಿ ಬೀಳದೆ ಹೋಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಅಬ್ಬಾ ಹೊಡೆಯಲಿಲ್ಲ. ಗಾಯಗಳಿಗೆ ಕೊಬ್ಬರಿ ಎಣ್ಣೆ ಹಚ್ಚುತ್ತಾ ಹೇಳಿದ್ದು ಇಷ್ಟೇ: "ನೀನು ನೀರಿಗೆ ಹೋದದ್ದಕ್ಕೆ ನನಗೆ ಸಿಟ್ಟಿಲ್ಲ. ನಿನ್ನನ್ನು ಹುಡುಕುವ ದಾರಿಯನ್ನೇ ನೀನು ನಮ್ಮಿಂದ ಕದ್ದುಕೊಂಡು ಹೋದೆ."

ಇದನ್ನೆಲ್ಲ ಅಳಿಯನಿಗೆ ಹೇಳಿದೆ. ಆ ಕಡೆ ಬಹಳ ಹೊತ್ತು ಮೌನ. ಕೊನೆಗೆ, "ಅಮ್ಮಿ ಹೆದರಿಕೊಳ್ತಾರೆ ಅಂತ ಹಾಗಂದೆ ಮಾಮೂ" ಎಂದ. "ಗೊತ್ತಿದ್ದು ಹೆದರುವುದು ಬೇರೆ, ಗೊತ್ತಿಲ್ಲದೆ ಕಾಯುವುದು ಬೇರೆ" ಎಂದೆ.

ಆಮೇಲಿನ ಮೂರು ವಾರ ನಾವಿಬ್ಬರೂ ಫೋನಿನಲ್ಲೇ ಯೋಜನೆ ಹಾಕಿದೆವು. ಕಾಣದ ಊರಿನ ಕೆರೆಗಳ ಬಗ್ಗೆ ನಾನು ಓದಿ ತಿಳಿದುಕೊಂಡೆ. ತಣ್ಣೀರಿನ ಬಗ್ಗೆ ಕೆನಡಾದ ಮ್ಯಾನಿಟೋಬ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಎಂಬ ಪ್ರಾಧ್ಯಾಪಕರು ಒಂದು-ಹತ್ತು-ಒಂದು ಎಂಬ ಸುಲಭದ ಲೆಕ್ಕ ಕೊಟ್ಟಿದ್ದಾರೆ. ಕೊರೆಯುವ ನೀರಿಗೆ ಬಿದ್ದವನಿಗೆ ಏದುಸಿರು ಹತೋಟಿಗೆ ಬರಲು ಸುಮಾರು ಒಂದು ನಿಮಿಷ ಬೇಕು. ಕೈಕಾಲು ಹೇಳಿದಂತೆ ಕೇಳುವುದು ಹತ್ತು ನಿಮಿಷ. ಚಳಿಯಿಂದ ಪ್ರಜ್ಞೆ ತಪ್ಪಲು ಒಂದು ಗಂಟೆ. ಅಂದರೆ ಎಷ್ಟು ಒಳ್ಳೆಯ ಈಜುಗಾರನಾದರೂ ಮೊದಲ ನಿಮಿಷದಲ್ಲೇ ನೀರು ಕುಡಿದು ಮುಳುಗಬಹುದು. ಲೈಫ್ ಜಾಕೆಟ್ಟನ್ನು ದೋಣಿಯಲ್ಲಿ ಇಟ್ಟುಕೊಂಡರೆ ಸಾಲದು, ತೊಟ್ಟುಕೊಂಡಿರಬೇಕು. ಹತ್ತಿಯ ಬಟ್ಟೆ ನೆನೆದರೆ ಮೈಯ ಶಾಖವನ್ನು ಹೀರುತ್ತದೆ, ಉಣ್ಣೆ ನೆನೆದರೂ ಬೆಚ್ಚಗಿಡುತ್ತದೆ. ಚಿಕ್ಕನಾಯಕನಹಳ್ಳಿ ಕಡೆ ಕುರಿ ಕಾಯುವವರು ಮಳೆಗೂ ಚಳಿಗೂ ಒಂದೇ ಕರಿಕಂಬಳಿ ಹೊದೆಯುವುದರ ಗುಟ್ಟು ನನಗೆ ಆಗ ಅರ್ಥವಾಯಿತು.

ಒಬ್ಬನೇ ಹೋಗುವ ವಿಷಯದಲ್ಲಿ ಮಾತ್ರ ಅವನು ಜಗ್ಗಲಿಲ್ಲ. "ಅಲ್ಲಾಹನ ಮೇಲೆ ಭರವಸೆ ಇಟ್ಟವನಿಗೆ ಇಷ್ಟೆಲ್ಲ ಯಾಕೆ ಮಾಮೂ?" ಎಂದು ನನಗೇ ಪಾಠ ಹೇಳಿದ. ಆಗ ನಾನು ಅವನಿಗೆ ಹಿಜ್ರಾವನ್ನು ನೆನಪಿಸಿದೆ. ಕ್ರಿ.ಶ. 622ರಲ್ಲಿ ಪ್ರವಾದಿ(ಸ)ರು ಮಕ್ಕಾ ಬಿಟ್ಟಾಗ ಅವರಿಗಿಂತ ದೊಡ್ಡ ಭರವಸೆ ಯಾರಿಗಿತ್ತು? ಆದರೂ ಅವರು ಒಬ್ಬರೇ ಹೊರಡಲಿಲ್ಲ. ಅಬೂಬಕರ್(ರ)ರನ್ನು ಜೊತೆಗೆ ಕರೆದುಕೊಂಡರು. ಮದೀನಾ ಇದ್ದದ್ದು ಉತ್ತರಕ್ಕೆ, ಅವರು ಮೊದಲು ಹೋದದ್ದು ದಕ್ಷಿಣದ ಸೌರ್ ಗುಹೆಗೆ. ಅಲ್ಲಿ ಮೂರು ರಾತ್ರಿ ಕಳೆದರು. ಬುತ್ತಿಯ ಹೊಣೆ ಅಸ್ಮಾ(ರ)ರದು, ಸುದ್ದಿ ತರುವ ಹೊಣೆ ಅವರ ಸಹೋದರನದು. ದಾರಿ ತೋರಿಸಲು ಗೊತ್ತು ಮಾಡಿಕೊಂಡದ್ದು ಅಬ್ದುಲ್ಲಾ ಬಿನ್ ಉರೈಕಿತ್ ಎಂಬವರನ್ನು. ಅವರು ಮುಸ್ಲಿಮರಾಗಿರಲಿಲ್ಲ. ಅವರಿಗೆ ಮರುಭೂಮಿಯ ದಾರಿ ಗೊತ್ತಿತ್ತು, ನಂಬಿಗಸ್ತರಾಗಿದ್ದರು, ಅಷ್ಟು ಸಾಕಾಗಿತ್ತು. ಒಂಟಿ ಪ್ರಯಾಣ ಬೇಡವೆಂದೂ, ಮೂವರು ಹೊರಟರೆ ಒಬ್ಬರನ್ನು ನಾಯಕನನ್ನಾಗಿ ಮಾಡಿಕೊಳ್ಳಬೇಕೆಂದೂ ಪ್ರವಾದಿ(ಸ)ರು ಕಲಿಸಿದ್ದಾರೆ. ಸಿದ್ಧತೆ ಭರವಸೆಗೆ ವಿರುದ್ಧವಾಗಿದ್ದರೆ ಅವರು ಇದನ್ನೆಲ್ಲ ಮಾಡುತ್ತಿದ್ದರೇ?

ಎರಡು ದಿನ ಬಿಟ್ಟು ಅವನೇ ಫೋನ್ ಮಾಡಿದ. ಮೂವರಾಗಿದ್ದರು. ಒಬ್ಬ ಶಿವಮೊಗ್ಗದ ಹುಡುಗ. ಇನ್ನೊಬ್ಬರು ಅಲ್ಲಿಯವರೇ, ಚಿಕ್ಕಂದಿನಿಂದ ಆ ಕೆರೆಗಳಲ್ಲಿ ಹುಟ್ಟು ಹಾಕಿದವರು. ಅವರೇ ನಾಯಕರು. ಕೊನೇ ವಾರವಾದರೆ ಸಣ್ಣ ಕೆರೆಗಳ ಅಂಚು ಹೆಪ್ಪುಗಟ್ಟಬಹುದೆಂದು ಅವರು ಪ್ರಯಾಣವನ್ನು ಹತ್ತು ದಿನ ಮುಂಚೆಗೆ ತಂದರು. ಗಾಳಿ ಎದ್ದರೆ ದಡದಲ್ಲೇ ಉಳಿಯುವುದು, ಅದಕ್ಕಾಗಿ ಒಂದು ದಿನದ ಊಟ ಹೆಚ್ಚಿಗೆ ಒಯ್ಯುವುದು ಎಂದೂ ತೀರ್ಮಾನವಾಯಿತು. ಹಿಂದಿನ ಸಲ ಇಲ್ಲಿಂದ ಒಯ್ದಿದ್ದ ಕೊಬ್ಬರಿ ಚಟ್ನಿಪುಡಿ ಬುತ್ತಿಗೆ ಸೇರಿತು. ಅದಕ್ಕೆ ಡಬ್ಬಿ ಬೇಡವಲ್ಲ! "ಒಂದು ಸಂಜೆ ನಿನ್ನನ್ನು ದಡದಲ್ಲಿ ಒಬ್ಬನೇ ಕೂರಲು ಬಿಡ್ತೀವಿ" ಎಂದು ಆ ಇಬ್ಬರೂ ಮಾತು ಕೊಟ್ಟಿದ್ದರಂತೆ.

ತಂಗಿಗೆ ಅವನೇ ಹೇಳಿದ. ಅತ್ತಳು, ಬೈದಳು, ಆಮೇಲೆ ಉಣ್ಣೆಯ ಕಾಲುಚೀಲ ಎಷ್ಟು ಜೊತೆ ಇವೆ ಎಂದು ಕೇಳಿದಳು.

ಈ ಮಾತು ಅಮೆರಿಕಕ್ಕೆ ಮಾತ್ರ ಸಂಬಂಧಿಸಿದ್ದಲ್ಲ. ನಮ್ಮ ಕೆರೆಗಳಿಗೆ ಹೇಮಾವತಿ ನಾಲೆಯ ನೀರು ಬಂದಾಗ, ತೋಟದ ಕೃಷಿಹೊಂಡ ತುಂಬಿದಾಗ ನಮ್ಮ ಮಕ್ಕಳೂ ಹೇಳದೆ ಹೋಗುತ್ತಾರೆ. ಹೇಳಿದರೆ ಬೈಗುಳ ಮಾತ್ರ ಸಿಗುತ್ತದೆ ಎಂದು ಅವರಿಗೆ ಗೊತ್ತು. ಹೇಳಿ ಹೋಗುವ ಮಗ ಬೇಕೆಂದರೆ, ಕೇಳಿಸಿಕೊಳ್ಳುವ ಮನೆಯೂ ಇರಬೇಕು.

ಹೊರಡುವ ಮುನ್ನ ಅವನು ಒಂದು ಹಾಳೆ ಕಳಿಸಿದ. ಯಾವ ಕೆರೆಯಿಂದ ಹೊರಡುತ್ತೇವೆ, ಯಾವ ರಾತ್ರಿ ಎಲ್ಲಿ ಡೇರೆ, ಕಾರು ಎಲ್ಲಿ ನಿಲ್ಲಿಸಿರುತ್ತೇವೆ, ಯಾವಾಗ ಹಿಂತಿರುಗುತ್ತೇವೆ, ಸುದ್ದಿ ಬಾರದಿದ್ದರೆ ಅಲ್ಲಿನ ಸ್ನೇಹಿತ ಯಾವ ಹೊತ್ತಿಗೆ ಕೌಂಟಿ ಶೆರಿಫ್ ಕಚೇರಿಗೆ ತಿಳಿಸಬೇಕು ಎಲ್ಲವೂ ಅದರಲ್ಲಿತ್ತು. ಅವನ ಭಾನುವಾರ ರಾತ್ರಿ ಎಂಟು ಎಂದರೆ ನಮ್ಮ ಸೋಮವಾರ ಬೆಳಿಗ್ಗೆ ಆರೂವರೆ. ತಂಗಿ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಸುತ್ತು ಹಾಕಿ ಗಂಟೆ ಬರೆದಿಟ್ಟಳು.

ಆ ಸೋಮವಾರ ಫಜ್ರ್ ಮುಗಿಸಿ ನಾನು ಅವಳ ಮನೆಗೆ ಹೋದೆ. ಮುಸಲ್ಲಾದ ಮೇಲೆಯೇ ಕುಳಿತಿದ್ದಳು, ಮೊಬೈಲು ಎದುರಿಗೆ. ಆರು ದಾಟಿ ಹತ್ತು ನಿಮಿಷಕ್ಕೆ ಅದು ಹೊಡೆದುಕೊಂಡಿತು.

"ಅಮ್ಮಿ, ದಡಕ್ಕೆ ಬಂದೆ."

ಅವಳು ಏನೂ ಹೇಳಲಾಗದೆ ಫೋನನ್ನು ನನ್ನ ಕೈಗೆ ಕೊಟ್ಟಳು. ಆ ಕಡೆಯಿಂದ ಅವನು ಅಳುತ್ತಿದ್ದದ್ದು ನನಗೆ ಕೇಳಿಸಿತು. ನಾನೂ ಮಾತಾಡಲಿಲ್ಲ. ಅಳಲಿ ಎಂದು ಬಿಟ್ಟೆ.