ರಜೆಯೆಂಬ ಅಪ್ಪಣೆ

ಪದಗಳ ಹುಟ್ಟನ್ನು ಕೆದಕುವುದು ಕನ್ನಡ ಪಾಠ ಹೇಳುವವರ ಹಳೆಯ ಚಟ. ಕೇಳುವವರಿಗೆ ಸಾಮಾನ್ಯವಾಗಿ ಅದರಿಂದ ಆಕಳಿಕೆ ಬರುತ್ತದೆ. ಆದರೆ ‘ರಜಾ’ ಎಂಬ ಪದದ ಕಥೆಗೆ ಮಾತ್ರ ಯಾರೂ ಆಕಳಿಸಿದ್ದನ್ನು ನಾನು ಕಂಡಿಲ್ಲ. ಅದು ಅರಬ್ಬಿಯಲ್ಲಿ ಹುಟ್ಟಿ, ಪಾರಸಿಯ ಮನೆಯಲ್ಲಿ ಬೆಳೆದು, ಕಚೇರಿಯ ಕಾಗದಪತ್ರಗಳ ಜೊತೆಯಲ್ಲಿ ನಮ್ಮ ನಾಡಿಗೆ ಬಂದು ನೆಲೆಸಿದ ಪದ. ಮೂಲದಲ್ಲಿ ಅದಕ್ಕೆ ಒಪ್ಪಿಗೆ, ಅಪ್ಪಣೆ ಎಂದರ್ಥ. ಯಜಮಾನನಾದವನು ‘ಇನ್ನು ಹೋಗಬಹುದು’ ಎಂದರೆ ಅದೇ ರಜಾ. ಜರ್ಮನ್ ಭಾಷೆಯಲ್ಲಿ ನೌಕರಸ್ಥರ ರಜೆಗೆ ‘ಉರ್ಲೌಬ್’ ಎಂದು ಹೆಸರು. ಅದರ ಹಳೆಯ ಅರ್ಥವೂ ಅಪ್ಪಣೆಯೇ. ಅರಬ್ಬಿಗೂ ಜರ್ಮನ್ನಿಗೂ ಯಾವ ನೆಂಟಸ್ತಿಕೆಯೂ ಇಲ್ಲ. ಆದರೂ ಎರಡೂ ಕಡೆಯ ಜನ ಬಿಡುವನ್ನು ಅರಸುತ್ತ ಹೋಗಿ ಒಂದೇ ಬಗೆಯ ಬಾಗಿಲ ಮುಂದೆ ಕೈಕಟ್ಟಿ ನಿಂತದ್ದು ಸೋಜಿಗವಲ್ಲವೆ?

ಈ ಅರ್ಥ ನನಗೆ ಮನವರಿಕೆಯಾದದ್ದು ರೈಲುಗಾಡಿಗಳಲ್ಲಿ. ಎಂ.ಎ. ಓದುತ್ತಿದ್ದಾಗ, 2004ರ ಅಕ್ಟೋಬರಿನಿಂದ ಮರುವರ್ಷದ ಜುಲೈವರೆಗೆ, ವಿನಿಮಯ ವಿದ್ಯಾರ್ಥಿನಿಯಾಗಿ ಜರ್ಮನಿಯ ಫ್ರೈಬುರ್ಗ್ ಪಟ್ಟಣದಲ್ಲಿದ್ದೆ. 1457ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾನಿಲಯ, ಕೆಂಪು ಕಲ್ಲಿನ ದೊಡ್ಡ ಇಗರ್ಜಿ, ಬೀದಿಯ ಅಂಚಿನಲ್ಲಿ ಹರಿಯುವ ಪುಟ್ಟ ಕಾಲುವೆಗಳು, ಊರ ಬೆನ್ನಿಗೆ ಕಪ್ಪು ಕಾಡಿನ ಬೆಟ್ಟಸಾಲು. ತೀರ್ಥಹಳ್ಳಿಯ ಕಡೆಯವಳಾದ ನನಗೆ ನೀರು, ಕಾಡು, ಮಳೆ ಮೂರೂ ಪರಿಚಿತವೇ. ಆ ಕಾಲುವೆಗಳಲ್ಲಿ ಅಕಸ್ಮಾತ್ತಾಗಿ ಕಾಲಿಟ್ಟವರು ಆ ಊರಿನವರನ್ನೇ ಮದುವೆಯಾಗುತ್ತಾರೆಂದು ಅಲ್ಲಿನವರು ನಗುತ್ತ ಹೇಳುವುದುಂಟು. ಇದನ್ನು ನನ್ನ ಪತ್ರದಲ್ಲಿ ಓದಿದ ಅಮ್ಮ, ‘ಕೆಳಗೆ ನೋಡಿಕೊಂಡು ನಡಿ’ ಎಂದು ಕೂಡಲೆ ಉತ್ತರ ಬರೆದಳು.

ಅಲ್ಲಿಯ ವಿದ್ಯಾರ್ಥಿಯ ವರ್ಷದಲ್ಲಿ ಪಾಠಕ್ಕಿಂತ ಬಿಡುವಿಗೆ ಹೆಚ್ಚು ಜಾಗ. ಅಕ್ಟೋಬರಿನಿಂದ ಫೆಬ್ರವರಿಯ ನಡುವಿನವರೆಗೆ ಒಂದು ಸರದಿ, ಏಪ್ರಿಲಿನಿಂದ ಜುಲೈವರೆಗೆ ಇನ್ನೊಂದು. ನಡುವೆ ಎರಡು ತಿಂಗಳು ಬಿಡುವು. ಅದಲ್ಲದೆ ಕ್ರಿಸ್‌ಮಸ್, ಈಸ್ಟರ್, ಪೆಂತೆಕೋಸ್ತ್. ‘ಓದಲು ಹೋದೆಯೊ, ಊರು ಸುತ್ತಲು ಹೋದೆಯೊ?’ ಎಂದು ಅಪ್ಪ ಕೇಳಿದ್ದು ಸಹಜವೇ. ನಮ್ಮಲ್ಲಿ ರಜೆಯೆಂದರೆ ಊರಿಗೆ ಹೋಗುವುದು: ಅಜ್ಜಿಯ ಮನೆ, ಹಲಸಿನ ಹಣ್ಣು, ಮಿಡಿ ಉಪ್ಪಿನಕಾಯಿ. ಅಲ್ಲಿ ರಜೆಯೆಂದರೆ ಊರು ಬಿಟ್ಟು ಹೋಗುವುದು. ನಮ್ಮ ವಿದ್ಯಾರ್ಥಿನಿಲಯದಲ್ಲಿ ಇರಾಸ್ಮಸ್ ಯೋಜನೆಯಲ್ಲಿ ಬಂದ ಸ್ಪೇನ್, ಪೋಲೆಂಡ್, ಫಿನ್ಲೆಂಡ್, ಇಟಲಿಗಳ ಹುಡುಗ ಹುಡುಗಿಯರಿದ್ದರು. 1987ರಲ್ಲಿ ಆರಂಭವಾದ ಆ ಯೋಜನೆ ಯುರೋಪಿನ ಮಕ್ಕಳನ್ನು ಒಬ್ಬರ ದೇಶಕ್ಕೆ ಇನ್ನೊಬ್ಬರನ್ನು ಕಳಿಸುತ್ತದೆ. ಅವರೆಲ್ಲ ಪಾಠಕ್ಕೆ ಬಂದವರೇ; ಆದರೆ ಅವರು ಒಬ್ಬರನ್ನೊಬ್ಬರು ಅರಿತದ್ದು ರಜೆಗಳಲ್ಲಿ.

ಬಡ ವಿದ್ಯಾರ್ಥಿಗಳಿಗೆ ಆಗ ಒಂದು ವರವಿತ್ತು. ಜರ್ಮನ್ ರೈಲ್ವೆಯವರು 1995ರಲ್ಲಿ ‘ಸುಂದರ ವಾರಾಂತ್ಯ’ ಎಂಬ ಹೆಸರಿನ ಟಿಕೆಟ್ಟೊಂದನ್ನು ಹೊರತಂದಿದ್ದರು. 2019ರವರೆಗೂ ಅದು ನಡೆಯಿತು. ಒಂದು ಟಿಕೆಟ್ಟಿಗೆ ಐದು ಜನ, ಶನಿವಾರವೊ ಭಾನುವಾರವೊ ದಿನವಿಡೀ, ದೇಶದ ಯಾವ ಮೂಲೆಗಾದರೂ ಹೋಗಬಹುದು. ಆದರೆ ನಿಧಾನದ ಗಾಡಿಗಳಲ್ಲಿ ಮಾತ್ರ. ನಾಲ್ವರಿದ್ದರೆ ಐದನೆಯವರನ್ನು ಸ್ಟೇಷನ್ನಿನಲ್ಲೇ ಹುಡುಕುವುದು. ಎಂದೂ ಕಾಣದ ಮನುಷ್ಯನೊಬ್ಬ ತನ್ನ ಪಾಲಿನ ಚಿಲ್ಲರೆ ಎಣಿಸಿಕೊಟ್ಟು, ಮೂರು ತಾಸು ನಮ್ಮೊಡನೆ ಕುಳಿತು, ಬ್ರೆಡ್ಡು ಹಂಚಿ ತಿಂದು, ತನ್ನ ಊರು ಬಂದಾಗ ಇಳಿದುಹೋಗುವನು. ಅಗ್ಗದ ಟಿಕೆಟ್ಟು ಮಾಡಿಕೊಡುವಷ್ಟು ಪರಿಚಯವನ್ನು ಬೇರೆ ಯಾವುದೂ ಮಾಡಿಕೊಡಲಾರದು. ನಿಧಾನದ ಗಾಡಿಯಾದ್ದರಿಂದ ಸಣ್ಣ ಊರುಗಳೆಲ್ಲ ಕಣ್ಣಿಗೆ ಬೀಳುತ್ತಿದ್ದುವು.

ಫ್ರೈಬುರ್ಗಿನಿಂದ ಪಶ್ಚಿಮಕ್ಕೆ ಅರ್ಧ ಗಂಟೆಯ ಹಾದಿ ಬ್ರೈಸಾಖ್. ರೈನ್ ನದಿಯ ದಂಡೆಯ ಪುಟ್ಟ ಊರು. ಅಲ್ಲಿಗೆ ರೈಲು ಮುಗಿಯುತ್ತದೆ. ಹೊಳೆಯ ಮೇಲಿದ್ದ ರೈಲುಸೇತುವೆ ಎರಡನೆಯ ಮಹಾಯುದ್ಧದಲ್ಲಿ ನಾಶವಾದದ್ದು ಮತ್ತೆ ಏಳಲೇ ಇಲ್ಲ. ಆಚೆಗೆ ಬಸ್ಸೇ ಗತಿ. ಯುದ್ಧದಲ್ಲಿ ಬಹುಪಾಲು ನೆಲಸಮವಾಗಿದ್ದ ಈ ಊರಿನವರೇ 1950ರ ಜುಲೈ 9ರಂದು ಮತ ಹಾಕಿ, ಒಂದಾದ ಸ್ವತಂತ್ರ ಯುರೋಪು ಬೇಕೆಂದು ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಮಂದಿ ಹೇಳಿದರಂತೆ. ನಮ್ಮ ಬಸ್ಸು ಸೇತುವೆ ದಾಟುವಾಗ ನಾನು ಪಾಸ್‌ಪೋರ್ಟನ್ನು ಕೈಯಲ್ಲಿ ಹಿಡಿದು ಕುಳಿತಿದ್ದೆ. ಯಾರೂ ಕೇಳಲಿಲ್ಲ. ಸುಂಕದ ಕಟ್ಟೆ ಖಾಲಿಯಾಗಿತ್ತು. ಫ್ರಾನ್ಸ್ ಬಂದದ್ದು ಅಂಗಡಿಗಳ ಫಲಕ ನೋಡಿ ತಿಳಿಯಿತು. ಜೇಬಿನಲ್ಲಿದ್ದ ಯೂರೋ ನಾಣ್ಯವೇ ಅಲ್ಲಿಯೂ ನಡೆಯಿತು. ನನ್ನ ಜೊತೆಯವರಿಗೆ ಹೊಳೆ ದಾಟಿದ್ದಷ್ಟೇ ಗೊತ್ತು, ದೇಶ ದಾಟಿದ್ದು ಅವರ ಗಮನಕ್ಕೇ ಬಂದಿರಲಿಲ್ಲ.

ಕೊಲ್ಮಾರಿನಲ್ಲಿ ಚಿತ್ರಕಾರ ಗ್ರೂನೆವಾಲ್ಡನ ಹೆಸರಾಂತ ಪೂಜಾಪೀಠದ ಚಿತ್ರಗಳಿವೆ. ವಿಷಬೂಸ್ಟು ಹಿಡಿದ ಧಾನ್ಯ ತಿಂದು ಮೈಯುರಿಯಿಂದ ನರಳುತ್ತಿದ್ದ ರೋಗಿಗಳನ್ನು ಉಪಚರಿಸುತ್ತಿದ್ದ ಮಠಕ್ಕೆಂದು, ಹದಿನಾರನೆಯ ಶತಮಾನದ ಆರಂಭದಲ್ಲಿ ಬರೆದದ್ದು. ಶಿಲುಬೆಯ ಮೇಲಿನ ಕ್ರಿಸ್ತನ ಮೈತುಂಬ ಹುಣ್ಣು. ತಮ್ಮಂತೆಯೇ ಬೇಯುತ್ತಿರುವ ದೇವರನ್ನು ಕಂಡು ರೋಗಿಗಳಿಗೆ ಎಷ್ಟು ಸಮಾಧಾನವಾಗಿದ್ದಿರಬೇಕು! ಮೊದಲ ಮಹಾಯುದ್ಧದಲ್ಲಿ, 1917ರಲ್ಲಿ, ಈ ಚಿತ್ರಗಳನ್ನು ಮ್ಯೂನಿಕ್ಕಿಗೆ ಸಾಗಿಸಿದ್ದರು. 1919ರಲ್ಲಿ ಅವು ಹಿಂದಿರುಗಿದುವು. ಅಷ್ಟರಲ್ಲಿ ಕೊಲ್ಮಾರ್ ಇರುವ ಅಲ್ಸಾಸ್ ಪ್ರಾಂತವೇ ಜರ್ಮನಿಯಿಂದ ಫ್ರಾನ್ಸಿನ ಕೈಗೆ ಬಂದಿತ್ತು. ಅಲ್ಸಾಸಿನ ಮುಖ್ಯ ಪಟ್ಟಣ ಸ್ಟ್ರಾಸ್‌ಬುರ್ಗಿನ ಹಣೆಬರಹವೂ ಇದೇ. 1870ರಲ್ಲಿ ಅಲ್ಲಿ ಹುಟ್ಟಿ 1945ರವರೆಗೆ ಬದುಕಿದ ಅಜ್ಜಿಯೊಬ್ಬಳಿದ್ದಳೆಂದು ಭಾವಿಸಿ. ಹುಟ್ಟಿದ್ದು ಫ್ರಾನ್ಸಿನಲ್ಲಿ, 1871ರಲ್ಲಿ ಜರ್ಮನಿ, 1918ರಲ್ಲಿ ಫ್ರಾನ್ಸ್, 1940ರಲ್ಲಿ ಜರ್ಮನಿ, 1944ರಲ್ಲಿ ಮತ್ತೆ ಫ್ರಾನ್ಸ್. ಅಜ್ಜಿ ತನ್ನ ಮನೆಯ ಹೊಸಿಲು ದಾಟದೆಯೇ ನಾಲ್ಕು ಬಾರಿ ದೇಶಾಂತರ ಹೋಗಿ ಬಂದಳು! 2004ರಲ್ಲಿ ಅದೇ ಸ್ಟ್ರಾಸ್‌ಬುರ್ಗಿಗೂ ಎದುರುದಂಡೆಯ ಕೇಲ್ ಊರಿಗೂ ನಡುವೆ ಕಾಲ್ನಡಿಗೆಯವರ ಹೊಸ ಸೇತುವೆಯೊಂದು ತೆರೆಯಿತು. ನಾವು ಹೋದಾಗ ಅದರ ಮೇಲೆ ತಾಯಂದಿರು ಕೂಸಿನ ಗಾಡಿ ತಳ್ಳಿಕೊಂಡು ಸಂಜೆಯ ಗಾಳಿಗೆ ಎರಡು ದೇಶಗಳ ನಡುವೆ ಓಡಾಡುತ್ತಿದ್ದರು. ಆ ವರ್ಷ ನಾನು ಕಂಡ ಅರಮನೆ, ಇಗರ್ಜಿಗಳೆಲ್ಲ ಒಂದು ತೂಕ. ಆ ಕೂಸಿನ ಗಾಡಿಗಳು ಒಂದು ತೂಕ.

ಕ್ರಿಸ್‌ಮಸ್ ಬಂತು. ಡಿಸೆಂಬರ್ 24ರ ಮಧ್ಯಾಹ್ನ ಎರಡಕ್ಕೆ ಅಂಗಡಿಗಳು ಮುಚ್ಚಿದುವು. ಆ ವರ್ಷ ಮುಂದೆ ಶನಿವಾರ, ಭಾನುವಾರಗಳಾದ್ದರಿಂದ ಇನ್ನು ತೆರೆಯುವುದು ಸೋಮವಾರವೇ. ವಿದ್ಯಾರ್ಥಿನಿಲಯ ಬರಿದಾಯಿತು. ಅಮ್ಮ ಕಟ್ಟಿಕೊಟ್ಟಿದ್ದ ಸಾರಿನಪುಡಿಯೂ ನಾನೂ ಉಳಿದೆವು. ಭಾನುವಾರ ಯಾರೋ ಬಾಗಿಲು ಬಡಿದರು. ನೋಡಿದರೆ ನಿಲಯದ ಮೇಲ್ವಿಚಾರಕನೂ ಅವನ ಹೆಂಡತಿಯೂ, ಇಬ್ಬರ ಮುಖವೂ ಬಿಳುಚಿತ್ತು. ‘ನಿನ್ನ ಮನೆ ಸಮುದ್ರದ ಹತ್ತಿರವೆ?’ ಅದು 2004ರ ಡಿಸೆಂಬರ್ 26, ಸುನಾಮಿಯ ದಿನ. ನಮ್ಮದು ಘಟ್ಟದ ಮೇಲೆ ಎಂಬುದನ್ನು ನನ್ನ ಹರಕು ಜರ್ಮನ್ನಿನಲ್ಲಿ ವಿವರಿಸಿದೆ. ಆದರೂ ಆಕೆ ಕೈಹಿಡಿದು ತಮ್ಮ ಮನೆಗೆ ಕರೆದೊಯ್ದು, ಊರಿಗೆ ಫೋನು ಮಾಡಿಸಿ, ಅಪ್ಪನ ದನಿ ಕೇಳಿಸಿದ ಮೇಲೆಯೇ ಊಟಕ್ಕೆ ಕೂರಿಸಿದಳು. ಥೈಲೆಂಡ್, ಶ್ರೀಲಂಕಾಗಳ ಕಡಲತೀರದಲ್ಲಿ ರಜೆ ಕಳೆಯಲು ಹೋಗಿದ್ದ ಜರ್ಮನರಲ್ಲಿ ಐನೂರಕ್ಕೂ ಹೆಚ್ಚು ಮಂದಿ ಸತ್ತ ಸುದ್ದಿ ಆಮೇಲಿನ ದಿನಗಳಲ್ಲಿ ಬಂತು. ನನ್ನ ಮನೆಯವರಿಗಾಗಿ ಮರುಗಿದ ಆ ಊರು ತನ್ನವರಿಗಾಗಿಯೂ ಅತ್ತಿತು. ದುಃಖಕ್ಕೆ ವೀಸಾ ಬೇಡ.

ಮೇ ತಿಂಗಳ ಪೆಂತೆಕೋಸ್ತ್ ರಜೆಯ ಒಂದು ಶನಿವಾರ ಹೌಸನ್ ಎಂಬ ಹಳ್ಳಿಗೆ ಹೊರಟೆವು. ಹೇಬೆಲ್ ಎಂಬ ಕವಿ ಬಾಲ್ಯ ಕಳೆದ ಹಳ್ಳಿ ಅದು. ಅವನು 1803ರಲ್ಲಿ ಅಲೆಮಾನಿಕ್ ಎಂಬ ನಾಡನುಡಿಯಲ್ಲಿ ಕವಿತೆಗಳನ್ನು ಪ್ರಕಟಿಸಿ, ಹಳ್ಳಿಮಾತಿನಲ್ಲಿಯೂ ದೊಡ್ಡ ಕಾವ್ಯ ಸಾಧ್ಯವೆಂದು ತೋರಿದವನು. ಆ ನುಡಿಗೆ ಗಡಿಯಿಲ್ಲ. ಜರ್ಮನಿಯ ಆ ಮೂಲೆ, ಫ್ರಾನ್ಸಿನ ಅಲ್ಸಾಸ್, ಸ್ವಿಟ್ಜರ್ಲೆಂಡಿನ ಬಾಸೆಲ್ ಮೂರು ಕಡೆಯೂ ಅದರ ಬಗೆಬಗೆಯ ರೂಪಗಳನ್ನು ಆಡುತ್ತಾರೆ. ಕವಿ ಹುಟ್ಟಿದ್ದು ಬಾಸೆಲಿನಲ್ಲಿ. ಹೌಸನ್ನಿಗೆ ಹೋಗಲು ಗಾಡಿ ಬದಲಿಸಬೇಕಾದದ್ದೂ ಬಾಸೆಲಿನಲ್ಲಿಯೇ.

ಬಾಸೆಲಿನ ಆ ಸ್ಟೇಷನ್ನು ವಿಚಿತ್ರವಾದದ್ದು. ನೆಲ ಸ್ವಿಟ್ಜರ್ಲೆಂಡಿನದು, ಸ್ಟೇಷನ್ನು ಜರ್ಮನ್ ರೈಲ್ವೆಯದು; 1852ರಷ್ಟು ಹಿಂದೆ ಆದ ಒಪ್ಪಂದ ಅದಕ್ಕೆ ಆಧಾರ. ಪ್ಲಾಟ್‌ಫಾರಮ್ಮಿನ ಮೇಲೆ ಇರುವಷ್ಟು ಹೊತ್ತು ಜರ್ಮನಿಯ ಎಲ್ಲೆಯಲ್ಲಿದ್ದಂತೆ. ಕೆಳಗಿನ ಹಾದಿಯ ತುದಿಯಲ್ಲೊಂದು ತಪಾಸಣೆಯ ಬಾಗಿಲು, ಅದರಾಚೆ ಸ್ವಿಟ್ಜರ್ಲೆಂಡ್. ಆಗ ಆ ದೇಶ ಷೆಂಗೆನ್ ಒಪ್ಪಂದದೊಳಗೆ ಬಂದಿರಲಿಲ್ಲ. ನನ್ನ ಪಾಸ್‌ಪೋರ್ಟಿಗೆ ಬೇರೆ ವೀಸಾ ಬೇಕಿತ್ತು. ಇದು ಮೊದಲೇ ಗೊತ್ತಿದ್ದದ್ದೇ. ಮುಂದಿನ ಗಾಡಿಗೆ ಎರಡು ಗಂಟೆ ಇತ್ತು. ಉಳಿದವರು ರೈನ್ ನದಿಯನ್ನು ನೋಡಿ ಬರಲು ಹೊರಟರು. ಆ ಊರೆಂದರೆ ನನಗೆ ಬರಿಯ ಊರಲ್ಲ. ನಮ್ಮ ಮನೆಯ ಮಾಡಿಗೆ ಹೊದಿಸಿದ ಮಂಗಳೂರು ಹೆಂಚು ಆ ಬಾಸೆಲ್ ಮಿಷನ್ನಿನವರು ಆರಂಭಿಸಿದ ಉದ್ಯಮ. ನಮ್ಮ ಮೊದಲ ಪತ್ರಿಕೆ, 1843ರ ‘ಮಂಗಳೂರ ಸಮಾಚಾರ’, ಅವರ ಮೊಗ್ಲಿಂಗ್ ಹೊರಡಿಸಿದ್ದು. ನನ್ನ ಮೇಜಿನ ಮೇಲಿನ ನಿಘಂಟು, 1894ರದು, ಅವರ ಕಿಟ್ಟೆಲ್ ಮಾಡಿದ್ದು. ಆ ಮನೆ ಹೊಳೆಯಾಚೆ ಇತ್ತು. ನಾನು ಬೆಂಚಿನ ಮೇಲೆ ಕುಳಿತೆ.

ಹೋದವರಲ್ಲಿ ಪೋಲೆಂಡಿನ ಹುಡುಗಿ ಅರ್ಧ ದಾರಿಯಿಂದ ಹಿಂದಕ್ಕೆ ಬಂದು ಪಕ್ಕದಲ್ಲಿ ಕುಳಿತಳು. ‘ಯಾಕೆ, ನಿನಗೆ ವೀಸಾ ಬೇಡವಲ್ಲ, ಹೋಗೇ’ ಎಂದೆ. ಅವಳು ಬ್ರೆಡ್ಡಿನ ಪೊಟ್ಟಣ ಬಿಚ್ಚುತ್ತ ಹೇಳಿದಳು: ‘ನಮ್ಮಪ್ಪ ಹುಡುಗನಾಗಿದ್ದಾಗ ಪಾಸ್‌ಪೋರ್ಟು ಮನೆಯಲ್ಲಿ ಇರುತ್ತಿರಲಿಲ್ಲ ಕಣೇ, ಸರ್ಕಾರದವರ ಬೀರುವಿನಲ್ಲಿ ಇರುತ್ತಿತ್ತು. ಹೋಗುವಾಗ ಬೇಡಿ ಪಡೆಯಬೇಕು, ಬಂದ ಮೇಲೆ ಹಿಂದಕ್ಕೆ ಒಪ್ಪಿಸಬೇಕು. ಬಾಗಿಲ ಈಚೆ ಕೂರುವುದು ನಮ್ಮ ಮನೆಯಲ್ಲಿ ಎಲ್ಲರಿಗೂ ಬರುತ್ತದೆ. ನನಗೂ ಸ್ವಲ್ಪ ಅಭ್ಯಾಸ ಇರಲಿ.’ ಪೋಲೆಂಡ್ ಯುರೋಪಿನ ಒಕ್ಕೂಟ ಸೇರಿ ಆಗ್ಗೆ ಒಂದು ವರ್ಷವಾಗಿತ್ತಷ್ಟೆ. ನಾನು ಚಪಾತಿ, ಚಟ್ನಿಪುಡಿ ತೆಗೆದೆ. ಎರಡು ಗಂಟೆ ಹೋದದ್ದು ತಿಳಿಯಲಿಲ್ಲ. ಕವಿಯ ಹಳ್ಳಿ ಚೆನ್ನಾಗಿತ್ತು. ಆದರೆ ನೆನಪಿನಲ್ಲಿ ಗಟ್ಟಿಯಾಗಿ ಉಳಿದದ್ದು ಆ ಬೆಂಚು.

ಅರ್ಜಿ, ಭಾವಚಿತ್ರ, ಬ್ಯಾಂಕಿನ ಪತ್ರ ಎಲ್ಲ ಒಪ್ಪಿಸಿ ವೀಸಾ ಪಡೆದು ಜುಲೈಯಲ್ಲಿ ಬಾಸೆಲಿಗೆ ಹೋದೆ. ಮಿಷನ್ನಿನ ದಾಖಲೆಗಳ ಮನೆಯಲ್ಲಿ ಮಂಗಳೂರಿನ ಹೆಂಚಿನ ಕಾರ್ಖಾನೆಯ ಹಳೆಯ ಚಿತ್ರಗಳನ್ನು ನೋಡುತ್ತಿದ್ದಾಗ ಒಂದು ಸಂಗತಿ ನೆನಪಾಗಿ ನಗು ಬಂತು. ಇವರೂ ಬಾಗಿಲ ಮುಂದೆ ಕಾದವರೇ. ಈಸ್ಟ್ ಇಂಡಿಯಾ ಕಂಪನಿಯ ಆಳ್ವಿಕೆಯ ನೆಲಕ್ಕೆ ಬ್ರಿಟಿಷರಲ್ಲದ ಮಿಷನ್‌ಗಳಿಗೆ ದಾರಿ ತೆರೆದದ್ದು 1833ರ ಚಾರ್ಟರ್ ಕಾಯಿದೆಯಿಂದ. 1815ರಲ್ಲಿಯೇ ಹುಟ್ಟಿದ್ದ ಬಾಸೆಲ್ ಮಿಷನ್ನಿನ ಮೂವರು ಮಂಗಳೂರಿಗೆ ಬಂದಿಳಿದದ್ದು ಅದರ ಮರುವರ್ಷ, 1834ರಲ್ಲಿ. ಆ ಕಾಯಿದೆ ಬರದಿದ್ದರೆ ಹೆಂಚೂ ಇಲ್ಲ, ನಿಘಂಟೂ ಇಲ್ಲ. ಅವರು ಬಂದ ಉದ್ದೇಶದ ವಿಚಾರ ಬೇರೆ. ಅದರ ಮೇಲೆ ವಾದಕ್ಕೆ ಎಡೆಯುಂಟು. ಆದರೆ ತೆರೆದ ಬಾಗಿಲಿನಿಂದ, ತೆರೆದವರೂ ಬಂದವರೂ ಎಣಿಸದ ಲಾಭ ಬರುತ್ತದೆಂಬುದರಲ್ಲಿ ವಾದವಿಲ್ಲ.

ಬಾಗಿಲುಗಳಿಗೆ ತೆರೆಯುವ ತಾರೀಖು ಇರುವಂತೆ ಮುಚ್ಚುವ ತಾರೀಖೂ ಉಂಟು. ಪೋಲೆಂಡಿನ ಗಡಿಯ ತಪಾಸಣೆ 2007ರ ಡಿಸೆಂಬರಿನಲ್ಲಿ ಹೋಯಿತು. 2008ರ ಡಿಸೆಂಬರಿನಲ್ಲಿ ಸ್ವಿಟ್ಜರ್ಲೆಂಡ್ ಷೆಂಗೆನ್ನಿನೊಳಗೆ ಬಂತು. ಆಗ ನಾನಿದ್ದಿದ್ದರೆ ಆ ಹಾದಿಯಲ್ಲಿ ಸುಮ್ಮನೆ ನಡೆದುಬಿಡಬಹುದಿತ್ತು. ಆದರೆ 2020ರ ವಸಂತದಲ್ಲಿ ಕೋವಿಡ್ ಬಂದಾಗ, ಜರ್ಮನಿಯ ಕಾನ್‌ಸ್ಟಾನ್ಸಿಗೂ ಸ್ವಿಟ್ಜರ್ಲೆಂಡಿನ ಕ್ರಾಯ್ಟ್ಸ್‌ಲಿಂಗೆನ್ನಿಗೂ ನಡುವೆ, ಒಂದೇ ಊರಿನಂತೆ ಕೂಡಿಕೊಂಡಿದ್ದ ಬೀದಿಗಳಲ್ಲಿ, ಬೇಲಿ ಬಂತು. ಆಚೆ ಈಚೆಯ ಪ್ರೇಮಿಗಳು ಬೇಲಿಗೆ ಒರಗಿ ಮಾತಾಡಿದರು; ಅವರು ಮುಟ್ಟದಿರಲೆಂದು ಎರಡನೆಯ ಬೇಲಿಯನ್ನೂ ಹಾಕಿದರು. ಆ ಬೇಲಿ ಹೋಯಿತು. 2024ರ ಸೆಪ್ಟೆಂಬರಿನಲ್ಲಿ ಜರ್ಮನಿ ತನ್ನ ಎಲ್ಲ ಭೂಗಡಿಗಳಲ್ಲಿಯೂ ಮತ್ತೆ ತಪಾಸಣೆ ಶುರುಮಾಡಿತು. ಸುದ್ದಿ ಓದುವಾಗ ನನಗೆ ಸ್ಟ್ರಾಸ್‌ಬುರ್ಗಿನ ಸೇತುವೆಯ ಮೇಲಿನ ಕೂಸಿನ ಗಾಡಿಗಳೇ ಕಣ್ಣಿಗೆ ಕಟ್ಟುತ್ತವೆ. ಆ ಕೂಸುಗಳಿಗೆ ಈಗ ಇಪ್ಪತ್ತು ದಾಟಿರಬೇಕು.

ವಿದೇಶಕ್ಕೆ ಓದಲು ಹೊರಡುವ ನಮ್ಮ ಹುಡುಗಿಯರು ಈಗ ಬೇಕಾದಷ್ಟು ಮಂದಿ ಇದ್ದಾರೆ. ಅಲ್ಲಿ ಏನು ನೋಡಬೇಕೆಂದು ಕೇಳುತ್ತಾರೆ. ಪುಸ್ತಕ ನೋಡಿದರೆ ಗೋಪುರಗಳ ಪಟ್ಟಿ ಸಿಗುತ್ತದೆ. ಅದನ್ನು ನಾನು ಹೇಳಬೇಕಾಗಿಲ್ಲ. ರಜೆ ಬಂದಾಗ ಕೋಣೆಯಲ್ಲಿ ಕೂರಬೇಡಿ, ನಿಧಾನದ ಗಾಡಿ ಹತ್ತಿ ಒಂದು ಗಡಿಯವರೆಗಾದರೂ ಹೋಗಿ, ಎಂದಷ್ಟೇ ಹೇಳುತ್ತೇನೆ. ಅಪ್ಪಣೆ ಸಿಕ್ಕಿದರೆ ದಾಟಿ ನೋಡಿ ಬನ್ನಿ. ಜೊತೆಯವರಿಗೆ ಸಿಗದಿದ್ದರೆ ಅವರ ಪಕ್ಕದಲ್ಲಿ ಒಂದು ಗಳಿಗೆ ಕುಳಿತು ಬುತ್ತಿ ಬಿಚ್ಚಿ. ಅದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ.