ಹೊಟ್ಟೆಗೆ ಹಾಕಿಕೊಳ್ಳುವ ಮಾತು

ಕ್ಷಮೆ ಎಂಬುದಕ್ಕೆ ನಮ್ಮ ನಿಘಂಟುಗಳಲ್ಲಿ ತಾಳ್ಮೆಯೆಂದೂ ಅರ್ಥ, ಭೂಮಿಯೆಂದೂ ಅರ್ಥ. ಅಗೆದರೂ ತುಳಿದರೂ ಸುಮ್ಮನಿರುವುದು ಭೂಮಿಯ ಗುಣವಷ್ಟೆ? ಆಡುಮಾತಿನಲ್ಲಿ ನಾವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ‘ಹೊಟ್ಟೆಗೆ ಹಾಕಿಕೊಳ್ಳಮ್ಮ’ ಎನ್ನುತ್ತೇವೆ. ಹೆಚ್ಚಾಗಿ ಹೆಂಗಸರಿಗೇ ಎನ್ನುತ್ತೇವೆ. ಹಾಕಿಕೊಳ್ಳಬೇಕಾದದ್ದು ಅರಗುವಂಥದೋ ವಿಷವೋ ಎಂದು ಬುದ್ಧಿ ಹೇಳುವವರು ವಿಚಾರಿಸುವುದಿಲ್ಲ.

ಕ್ರೈಸ್ತರ ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ ಕ್ಷಮಿಸುವುದಕ್ಕೆ ಬರುವ ‘ಅಫಿಯೆಮಿ’ ಎಂಬ ಕ್ರಿಯಾಪದದ ಜಾಡೇ ಬೇರೆ: ಕೈಬಿಡು, ಹೋಗಗೊಡು. ಸಾಲ ಬಿಟ್ಟುಕೊಡುವುದಕ್ಕೂ ಅದೇ ಪದ. ಸಾಲ ಬಿಡಬೇಕಾದರೆ ಮೊದಲು ಲೆಕ್ಕ ಬರೆಯಬೇಕು. ಬಿಡುವ ಅಧಿಕಾರವೂ ಕೊಟ್ಟವನಿಗಲ್ಲದೆ ನೆರೆಹೊರೆಯವರಿಗಿಲ್ಲ. ಪದಗಳ ಬೆನ್ನು ಹತ್ತುವುದು ಕನ್ನಡ ಮೇಷ್ಟರ ಚಟ, ಇರಲಿ. ಈ ಪದ ನನಗೆ ನಿಜವಾಗಿ ತಿಳಿದದ್ದು ಅಮೆರಿಕದ ಒಂದು ಮೊಕದ್ದಮೆಯ ವರದಿಯಿಂದ.

ರೇಚಲ್ ಡೆನ್‌ಹಾಲಂಡರ್ 15 ವರ್ಷದ ಹುಡುಗಿಯಾಗಿದ್ದಾಗ, 2000ದಲ್ಲಿ, ಬೆನ್ನುನೋವಿಗೆಂದು ಲ್ಯಾರಿ ನಾಸರ್ ಎಂಬ ಹೆಸರಾಂತ ಕ್ರೀಡಾವೈದ್ಯನ ಬಳಿ ಹೋದರು. ತಾಯಿ ಅದೇ ಕೋಣೆಯಲ್ಲಿದ್ದರು. ಅವರ ಕಣ್ಣಿಗೆ ಬೀಳದಂತೆ ಅಡ್ಡ ನಿಂತು, ಚಿಕಿತ್ಸೆಯ ನೆಪದಲ್ಲಿ, ಅವನು ಹುಡುಗಿಯ ಮೇಲೆ ಲೈಂಗಿಕ ದೌರ್ಜನ್ಯವೆಸಗಿದ. ಮುಂದೆ ಕಾನೂನು ಓದಿ, ಮಕ್ಕಳ ತಾಯಿಯೂ ಆದ ಮೇಲೆ, 2016ರಲ್ಲಿ ಆಕೆ ಪತ್ರಿಕೆಯಲ್ಲಿ ತಮ್ಮ ಹೆಸರು ಹೇಳಿಕೊಂಡೇ ಅವನ ಮೇಲೆ ದೂರು ಹೇಳಿದರು. 2018ರ ಜನವರಿಯಲ್ಲಿ ಮಿಷಿಗನ್ ರಾಜ್ಯದ ಲ್ಯಾನ್ಸಿಂಗ್ ಪಟ್ಟಣದ ನ್ಯಾಯಾಲಯವು 156 ಹೇಳಿಕೆಗಳನ್ನು ಕೇಳಿತು. ಕೊನೆಯದು ಆಕೆಯದು. ಶ್ರದ್ಧಾವಂತ ಕ್ರೈಸ್ತರಾದ ಆಕೆ ಅವನೆದುರಿನಲ್ಲೇ ಕ್ಷಮೆ ನೀಡಿದರು. ಅದಕ್ಕಿಂತಲೂ ದೇವರ ಕ್ಷಮೆ, ಅದಕ್ಕೂ ಮೊದಲು ನಿಜವಾದ ಪಶ್ಚಾತ್ತಾಪ ಅವನಿಗೆ ಬೇಕೆಂದರು. ಹಾಗೆಂದವರೇ, ಪುಟ್ಟ ಹುಡುಗಿಯೊಬ್ಬಳ ಬೆಲೆ ಎಷ್ಟೆಂದು ತೀರ್ಪು ಹೇಳಲಿ, ಅತ್ಯಧಿಕ ಶಿಕ್ಷೆಯನ್ನೇ ಕೊಡಿ ಎಂದು ನ್ಯಾಯಾಧೀಶೆಯನ್ನು ಕೇಳಿಕೊಂಡರು. ಅಂದೇ ತೀರ್ಪಾಯಿತು: 40ರಿಂದ 175 ವರ್ಷ ಸೆರೆ.

ಮೊದಲ ಮಾತನ್ನು ಹೊಗಳಿದವರು ಬಹಳ. ಎರಡನೆಯದನ್ನು ನೆನೆದವರು ಕಡಮೆ. ದೌರ್ಜನ್ಯಕ್ಕೊಳಗಾದವರು ಬಾಯಿಬಿಡಲು ಚರ್ಚು ಕ್ಷೇಮದ ಜಾಗವಲ್ಲ, ಅಲ್ಲಿಯ ಬುದ್ಧಿವಾದ ಬಹುಮಟ್ಟಿಗೆ ಅವರನ್ನೇ ನೋಯಿಸುತ್ತದೆ ಎಂದು ಆಕೆಯೇ ಆಮೇಲೆ ಹೇಳಬೇಕಾಯಿತು. ಬೇಗ ಕ್ಷಮಿಸು, ಬೇಗ ಮರೆ, ಮನೆ ಒಡೆಯಬೇಡ! ಪಾದ್ರಿಗೂ ನಮ್ಮ ಸೋದರತ್ತೆಗೂ ಈ ವಿಷಯದಲ್ಲಿ ನಾಲಗೆ ಒಂದೇ. ಮುಚ್ಚಿಟ್ಟ ಹುಣ್ಣು ಮಾದಿತೆಂದು ಇವರಿಗೆ ಹೇಳಿದವರು ಯಾರೋ!

ಮೊನ್ನೆ ತರಗತಿಯಲ್ಲಿ ಈ ಎರಡು ಪದಗಳ ವಿಚಾರ ಬಂದಿತು. ಹುಡುಗಿಯೊಬ್ಬಳು ಎದ್ದು ಕೇಳಿದಳು: “ಸಾರ್, ಕ್ಷಮಿಸಿದ ಮೇಲೆ ಅವರ ಮನೆಗೆ ಹೋಗಿ ಊಟ ಮಾಡಲೇಬೇಕಾ?”

“ಬೇಡಮ್ಮ. ಸಾಲ ಬಿಟ್ಟವನು ಮತ್ತೆ ಸಾಲ ಕೊಡಬೇಕೆಂದೇನೂ ಇಲ್ಲ” ಎಂದೆ.

ಗಂಟೆ ಹೊಡೆದಿತ್ತು. ಉಳಿದವರು ಹೊರಟರು, ಅವಳು ಕೂತೇ ಇದ್ದಳು. ನಾನೂ ಕುರ್ಚಿ ಎಳೆದುಕೊಂಡೆ.