ಮೇಜಿನ ಆಚೆ, ಮೇಜಿನ ಈಚೆ

ಸಂದರ್ಶನದ ಕೋಣೆಯಲ್ಲಿ ನನ್ನ ಕಣ್ಣು ಮೊದಲು ಹೋಗುವುದು ಅಭ್ಯರ್ಥಿಯ ಕೈಗಳ ಕಡೆಗೆ. ಆಯ್ಕೆ ಸಮಿತಿಗಳಲ್ಲಿ ಕೂತು ನೋಡಿದ ಮುಖಗಳಲ್ಲಿ ಎಷ್ಟೋ ಮರೆತುಹೋಗಿವೆ, ಕೈಗಳು ಮರೆತಿಲ್ಲ. ಫೈಲನ್ನು ಎದೆಗವಚಿಕೊಂಡ ಕೈ, ಪೆನ್ನಿನ ಕ್ಯಾಪು ತೆಗೆದು ಹಾಕಿ ಮತ್ತೆ ತೆಗೆಯುವ ಕೈ, ದುಪಟ್ಟಾದ ಅಂಚನ್ನು ಸುತ್ತಿ ಬಿಚ್ಚುವ ಬೆರಳು. ಬಾಯಿ ಸರಾಗವಾಗಿ ಉತ್ತರ ಒಪ್ಪಿಸುತ್ತಿದ್ದರೂ ಇವು ತಮ್ಮ ಪಾಡಿಗೆ ಬೇರೇನೋ ಹೇಳುತ್ತಿರುತ್ತವೆ. ಅಷ್ಟರಲ್ಲಿ ಯಾರೋ ಒಬ್ಬರು, "ನಿಮ್ಮ ಪ್ರಾಜೆಕ್ಟಿನಲ್ಲಿ ಆ ಪಂಪು ಯಾಕೆ ಕೆಟ್ಟಿತು, ಸ್ವಲ್ಪ ಹೇಳಿ" ಎನ್ನುತ್ತಾರೆ. ಹುಡುಗಿ ಒಂದು ಗಳಿಗೆ ಯೋಚಿಸುತ್ತಾಳೆ. ಪೆನ್ನು ಕೆಳಗಿಳಿಯುತ್ತದೆ. ಕೈಗಳೆರಡೂ ಮೇಜಿನ ಮೇಲೆ ಬಂದು, ಒಂದು ಕೊಳವೆಯಾಗುತ್ತದೆ, ಇನ್ನೊಂದು ಅದರೊಳಗೆ ಹರಿಯುವ ನೀರಾಗುತ್ತದೆ. ಕುರ್ಚಿಗೆ ಅಂಟಿಕೊಂಡಿದ್ದ ಬೆನ್ನು ತಾನಾಗಿ ಮುಂದಕ್ಕೆ ಬಾಗುತ್ತದೆ. ತನ್ನನ್ನು ಮರೆತು ಪಂಪಿನ ಹಿಂದೆ ಹೋದ ಆ ಗಳಿಗೆಯಲ್ಲಿ ಅವಳ ಮೈಗೆ ಯಾರೂ ಏನೂ ಕಲಿಸಬೇಕಾಗಿಲ್ಲ. ಅದನ್ನು ನೋಡುವ ಸುಖಕ್ಕಾಗಿಯೇ ನಾನು ಸಮಿತಿಯ ಕೆಲಸ ಒಪ್ಪಿಕೊಳ್ಳುತ್ತೇನೆ.

ಧಾರವಾಡದ, ಬೆಂಗಳೂರಿನ ವಿಜಯನಗರದ ಕೋಚಿಂಗ್ ಕೇಂದ್ರಗಳಿಗೆ 'ಬಾಡಿ ಲ್ಯಾಂಗ್ವೇಜ್' ಈಗ ಒಂದು ಪಾಠವೇ ಆಗಿದೆ. ಕೂತುಕೊಳ್ಳಿ ಎಂದ ಮೇಲೆ ಕೂರುವುದು, ಕಾಲು ಕುಣಿಸದಿರುವುದು, ಎದೆಗೆ ಕೈ ಕಟ್ಟದಿರುವುದು, ಎಲ್ಲ ಕಲಿಯಬೇಕಾದ್ದೇ. ಆದರೆ ಅಲ್ಲೇ ಬೋರ್ಡಿನ ಮೇಲೆ ಒಂದು ಲೆಕ್ಕವನ್ನೂ ಬರೆಯುವುದುಂಟು: ಮಾತಿನ ಪರಿಣಾಮದಲ್ಲಿ ಪದಗಳ ಪಾಲು ಶೇ. 7, ದನಿಯದು 38, ಉಳಿದ 55 ಮುಖ-ಮೈಯದು. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರಾಬಿಯನ್ ಅಮೆರಿಕದಲ್ಲಿ ನಡೆಸಿ 1967ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ ಬಂದ ಲೆಕ್ಕ ಇದು. ಬಿಡಿ ಪದಗಳನ್ನು ಬೇರೆ ಬೇರೆ ದನಿಯಲ್ಲಿ ಕೇಳಿಸಿ, ಮುಖದ ಫೋಟೊ ತೋರಿಸಿ, ಹೇಳಿದವರ ಮನಸ್ಸಿನಲ್ಲಿ ಇರುವುದು ಇಷ್ಟವೋ ಅನಿಷ್ಟವೋ ಎಂದು ಕೇಳಿದ ಪ್ರಯೋಗಗಳು ಅವು. ಪಂಪು ಯಾಕೆ ಕೆಟ್ಟಿತೆಂದು ವಿವರಿಸುವವಳಿಗೆ ಆ ಲೆಕ್ಕ ಹೊಂದುವುದಿಲ್ಲ. ಅವಳಿಗೆ ಪಂಪು ಗೊತ್ತಿರಬೇಕು.

ಕಣ್ಣಿನ ವಿಷಯ ಇದಕ್ಕಿಂತ ಕಷ್ಟದ್ದು. ನಮ್ಮ ಎಷ್ಟೋ ಮನೆಗಳಲ್ಲಿ ಹಿರಿಯರ ಮುಂದೆ ಕಣ್ಣು ತಗ್ಗಿಸಿ ನಿಲ್ಲುವುದೇ ಮರ್ಯಾದೆ. ಹಾಗೆ ಬೆಳೆದ ಹುಡುಗನ ತಗ್ಗಿದ ನೋಟವನ್ನು ಆತ್ಮವಿಶ್ವಾಸದ ಕೊರತೆ ಎಂದು ಷರಾ ಬರೆಯುವ ಸದಸ್ಯರ ಮೇಲೆ ನನಗೆ ಸಿಟ್ಟು ಬರುತ್ತದೆ. ಹುಡುಗನಿಗೆ ನಾನು ಹೇಳುವುದು ಇಷ್ಟೇ: ಪ್ರಶ್ನೆ ಕೇಳಿದವರನ್ನು ನೋಡಿ ಶುರುಮಾಡು, ಉತ್ತರ ಉದ್ದವಾದರೆ ಉಳಿದವರಿಗೂ ನೋಟ ಹಂಚು, ಯೋಚಿಸುವಾಗ ಕಣ್ಣು ಕಿಟಕಿಯತ್ತ ಹೋದರೆ ಹೋಗಲಿ. ನಡುವೆ ದುಭಾಷಿ ಬಂದರೆ ಕಣ್ಣಿಗೆ ಇನ್ನೊಂದು ಕಷ್ಟ. ಯುಪಿಎಸ್‌ಸಿಯ ನಾಗರಿಕ ಸೇವಾ ಪರೀಕ್ಷೆಯಲ್ಲಿ ಒಟ್ಟು 2025 ಅಂಕಗಳಲ್ಲಿ 275 ವ್ಯಕ್ತಿತ್ವ ಪರೀಕ್ಷೆಗೆ, ಅಂದರೆ ಸಂದರ್ಶನಕ್ಕೆ, ಮೀಸಲು. ಅದು ನಡೆಯುವ ದೆಹಲಿಯ ಧೋಲ್‌ಪುರ ಹೌಸ್‌ನಲ್ಲಿ ಕನ್ನಡದಲ್ಲೇ ಮಾತಾಡುತ್ತೇನೆಂದು ಆರಿಸಿಕೊಂಡವರಿಗೆ ದುಭಾಷಿಯ ನೆರವಿರುತ್ತದೆ. ಆಗ ಕಣ್ಣು ಬೇಡವೆಂದರೂ ದುಭಾಷಿಯ ಕಡೆಗೇ ಓಡುತ್ತದೆ. ಅದನ್ನು ಹಿಂದಕ್ಕೆ ತಂದು, ಕೇಳಿದವರನ್ನೇ ನೋಡುತ್ತ ಕನ್ನಡ ಆಡಬೇಕು. ತನ್ನ ಭಾಷೆಯಲ್ಲಿ ಸಡಿಲಾದ ಭುಜ, ಸಲೀಸಾದ ಉಸಿರು ಕನ್ನಡ ಬಾರದ ಸದಸ್ಯರಿಗೂ ಕಾಣುತ್ತದೆ.

ಲ್ಯಾಪ್‌ಟಾಪಿನ ಸಂದರ್ಶನದಲ್ಲಿ ಎದುರಿನವರ ಕಣ್ಣು ನೋಡಿದರೆ ಅವರಿಗೆ ನಾವು ಕೆಳಗೆ ನೋಡಿದಂತೆ ಕಾಣುತ್ತದೆ. ನಾಲ್ಕು ದಪ್ಪ ಪುಸ್ತಕಗಳ ಮೇಲೆ ಅದನ್ನಿಟ್ಟು, ಕ್ಯಾಮೆರಾವನ್ನು ಕಣ್ಣಿನ ಮಟ್ಟಕ್ಕೆ ತಂದು, ಒಂದು ಮೊಳ ಹಿಂದೆ ಸರಿದು ಕೂತರೆ ಅರ್ಧ ತೊಂದರೆ ನೀಗಿತು.

ಇನ್ನು ನಡುಕ. ಭರತನ ನಾಟ್ಯಶಾಸ್ತ್ರ ಕೈಕಾಲು ಕಣ್ಣುಗಳ ಆಂಗಿಕ ಅಭಿನಯವನ್ನು ಒಂದು ಕಡೆ ಇಟ್ಟು, ಸಾತ್ತ್ವಿಕವನ್ನು ಬೇರೆಯಾಗಿಯೇ ಎಣಿಸುತ್ತದೆ. ಎಂಟು ಸಾತ್ತ್ವಿಕ ಭಾವಗಳಲ್ಲಿ ಸ್ತಂಭ, ಸ್ವೇದ, ಸ್ವರಭೇದ, ವೇಪಥು ಇವೆ. ಮೈ ಮರಗಟ್ಟುವುದು, ಬೆವರುವುದು, ದನಿ ಒಡೆಯುವುದು, ನಡುಗುವುದು. ಸಂದರ್ಶನದ ಕೋಣೆಯ ಹೊರಗಿನ ಬೆಂಚಿನ ಮೇಲೆ ಇವು ಒಂದೊಂದೂ ಕಾಣಸಿಗುತ್ತವೆ. ಮನಸ್ಸಿನ ಆಳದಿಂದ ಬರುವ ಇವನ್ನು, ಭುಜ ನೆಟ್ಟಗಿಡುವ ಹಾಗೆ, ಅಪ್ಪಣೆ ಕೊಟ್ಟು ನಿಲ್ಲಿಸಲು ಬರುವುದಿಲ್ಲ. ಉಸಿರನ್ನು ನಿಧಾನ ಮಾಡಬಹುದು, ಒಂದು ಗುಟುಕು ನೀರು ಕೇಳಬಹುದು. ಉಳಿದದ್ದು ಮೇಜಿನ ಈಚೆಯವರ ಕೆಲಸ. ನಮಗೂ ಮೈಯಿದೆ. ಮೊಬೈಲಿನತ್ತ ಬಗ್ಗಿದ ನಮ್ಮ ತಲೆ, ಗಡಿಯಾರದತ್ತ ಹೋಗುವ ನಮ್ಮ ಕಣ್ಣು ಅಭ್ಯರ್ಥಿಗೂ ಅರ್ಥವಾಗುತ್ತವೆ. ಹೆಸರನ್ನು ಸರಿಯಾಗಿ ಕರೆದು, ಊರಿನ ಮಳೆ ಬೆಳೆ ವಿಚಾರಿಸಿದರೆ ಒಡೆದ ದನಿ ಕೂಡಿಕೊಳ್ಳುವುದನ್ನು ಮತ್ತೆ ಮತ್ತೆ ಕಂಡಿದ್ದೇನೆ. ಕೊನೆಯ ಅಭ್ಯರ್ಥಿ ಒಳಗೆ ಬರುವಾಗ ಸಂಜೆಯಾಗಿರುತ್ತದೆ, ಸಮಿತಿಯ ಬೆನ್ನುಗಳು ಕುರ್ಚಿಯಲ್ಲಿ ಜಾರಿರುತ್ತವೆ. ಬೆಳಗಿನವರಿಗೆ ಸಿಕ್ಕ ಎಚ್ಚರದ ಕಣ್ಣು ಅವರಿಗೂ ಸಿಗಬೇಕು. ಅದಕ್ಕೇ ಒಂದು ದಿನಕ್ಕೆ ಇಷ್ಟೊಂದು ಜನರನ್ನು ಕರೆಯಬೇಡಿ ಎಂದು ಪ್ರತಿ ಸಭೆಯಲ್ಲೂ ಕೇಳುತ್ತೇನೆ, ಮುಂದಿನ ಸಭೆಯಲ್ಲೂ ಕೇಳುವವಳಿದ್ದೇನೆ.